ಕೆಮ್ಮಿದರೆ ಸೋರುತ್ತದೆ, ಭಾರ ಎತ್ತಿದರೆ ಜಾರುತ್ತದೆ: ದಿನಚರಿಯಿಂದ ಶುರುವಾಗುವ ಆರೈಕೆ

ಪೆರ್ಲದ ಕಡೆಯ ಒಬ್ಬರು ಅಮ್ಮ ಬೆನ್ನುನೋವೆಂದು ನನ್ನ ಬಳಿ ಬಂದಿದ್ದರು. ಅರ್ಧ ಗಂಟೆ ಬೆನ್ನಿನ ಮಾತೇ ಆಯಿತು. ಎದ್ದು ಹೊರಟವರು ಬಾಗಿಲ ಬಳಿ ನಿಂತರು. "ಇನ್ನೊಂದು ಉಂಟು, ಹೇಳಲಿಕ್ಕೆ ನಾಚಿಕೆ ಆಗ್ತದೆ. ಕೆಮ್ಮಿದರೆ ಮೂತ್ರ ಹೋಗ್ತದೆ" ಅಂದರು. ಎಷ್ಟು ಸಮಯದಿಂದ ಎಂದು ಕೇಳಿದೆ. "ಸಣ್ಣವಳು ಹುಟ್ಟಿದ ಮೇಲೆ." ಸಣ್ಣವಳಿಗೆ ಆಗ 19 ವರ್ಷ.

ಕಾಸರಗೋಡಿನ ಹಳ್ಳಿಗಳಲ್ಲಿ ಇಂಥ ಮಾತು ಬರುವುದು ಬಾಗಿಲ ಬಳಿಯೇ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಅತ್ತೆ ಹೇಳಿರುತ್ತಾರೆ, ಅವರಿಗೆ ಅವರ ಅತ್ತೆ ಹೇಳಿರುತ್ತಾರೆ. ಹಲವರಿಗೆ ಆಗುವ ತೊಂದರೆ ಇದು ಎಂಬುದು ನಿಜ. ಸಹಿಸಿಕೊಂಡೇ ಇರಬೇಕು ಎಂಬುದು ನಿಜವಲ್ಲ. ಸರಿಯಾಗಿ ಅಭ್ಯಾಸ ಮಾಡಿದ ಬಹಳ ಮಂದಿಗೆ ಶಸ್ತ್ರಚಿಕಿತ್ಸೆ ಇಲ್ಲದೆಯೇ ಗುಣ ಕಾಣುತ್ತದೆ.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಭಾರತದಲ್ಲಿ ಈ ವಿದ್ಯೆಯ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ಕಟ್ಟಿದವರು ಕಮಲಾ ನಿಂಬ್ಕರ್. ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ, ಕಾಯಿಲೆ ಒಬ್ಬರ ದಿನದಿಂದ ಏನನ್ನು ಕಿತ್ತುಕೊಂಡಿದೆ ಎಂದು ನೋಡಿ ಅದನ್ನು ಮರಳಿ ಕೊಡಿಸುವುದು. ಅಡುಗೆ, ಸ್ನಾನ, ದುಡಿಮೆ, ನಿದ್ದೆ, ದೇವಸ್ಥಾನಕ್ಕೆ ಹೋಗಿಬರುವುದು, ಎಲ್ಲವೂ ನಮ್ಮ ಲೆಕ್ಕದಲ್ಲಿ "ಆಕ್ಯುಪೇಷನ್". ಹಾಗಾಗಿ ಮೂತ್ರ ಸೋರುವವರಿಗೂ ಗರ್ಭಕೋಶ ಜಾರಿದವರಿಗೂ ನಾನು ವ್ಯಾಯಾಮದ ಚೀಟಿ ಬರೆದು ಕಳಿಸುವುದಿಲ್ಲ. ಅವರ ಒಂದು ದಿನವನ್ನು ಬೆಳಗಿನಿಂದ ರಾತ್ರಿಯವರೆಗೆ ಕೇಳುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಒಳಗೆ ಏನಿದೆ ಎಂದು ತಿಳಿಯಿರಿ

ಮುಂದೆ ಕಿಬ್ಬೊಟ್ಟೆಯ ಕೆಳಗೆ ಕೈಗೆ ಸಿಗುವ ಗಟ್ಟಿ ಮೂಳೆ, ಹಿಂದೆ ಬಾಲದ ಮೂಳೆ. ಈ ಎರಡರ ನಡುವೆ ಜೋಲಿ ತೊಟ್ಟಿಲಿನ ಬಟ್ಟೆಯಂತೆ ಸ್ನಾಯುಗಳ ಹಾಸು ಇದೆ. ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರಕ್ಕೂ ಆಧಾರ ಅದು. ಇಂಗ್ಲಿಷಿನಲ್ಲಿ ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ, ನಾನು ತಳದ ಸ್ನಾಯು ಅನ್ನುತ್ತೇನೆ. ಗಂಡಸರಿಗೂ ಇದು ಇದೆ.

ಈ ಹಾಸು ಒಂಟಿಯಾಗಿ ಕೆಲಸ ಮಾಡುವುದಿಲ್ಲ. ಹೊಟ್ಟೆಯನ್ನು ಒಂದು ಡಬ್ಬ ಎಂದುಕೊಂಡರೆ ಮೇಲಿನ ಮುಚ್ಚಳ ವಪೆ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು), ಮುಂದೆ ಹೊಟ್ಟೆಯ ಸ್ನಾಯು, ಹಿಂದೆ ಬೆನ್ನಿನ ಸ್ನಾಯು, ಅಡಿಯಲ್ಲಿ ಈ ಹಾಸು. ಉಸಿರು ಒಳಗೆಳೆದಾಗ ವಪೆ ಕೆಳಗಿಳಿಯುತ್ತದೆ, ಅದರೊಂದಿಗೆ ತಳವೂ ಸ್ವಲ್ಪ ತಗ್ಗುತ್ತದೆ. ಉಸಿರು ಬಿಟ್ಟಾಗ ಎರಡೂ ಮೇಲೇಳುತ್ತವೆ. ಉಸಿರು ಕಟ್ಟಿ ಸೆಗಣಿ ಬುಟ್ಟಿ ಎತ್ತಿದರೆ ಡಬ್ಬದೊಳಗಿನ ಒತ್ತಡವೆಲ್ಲ ತಳದ ಮೇಲೆ ಬೀಳುತ್ತದೆ. ವರ್ಷಗಟ್ಟಲೆಯ ಕೆಮ್ಮು, ಮಲಬದ್ಧತೆಯಿಂದ ತಿಣುಕುವುದು, ಹೆರಿಗೆ, ಭಾರದ ಕೆಲಸ ಎಲ್ಲವೂ ಅಲ್ಲಿಗೇ ಬಂದು ಕೂಡುತ್ತವೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಎಂಬ ಹಾರ್ಮೋನು ಕಡಿಮೆಯಾಗಿ ಅಲ್ಲಿನ ಒಳಪೊರೆಯೂ ತೆಳುವಾಗುತ್ತದೆ.

ಹೆಜ್ಜೆ 1: ಏನನ್ನು ಬಿಟ್ಟಿದ್ದೀರಿ ಎಂದು ಬರೆಯಿರಿ

ಎಷ್ಟು ಸಲ ಸೋರುತ್ತದೆ ಎಂಬುದಕ್ಕಿಂತ ಮೊದಲು ಇದನ್ನು ಬರೆಯಿರಿ. ಬಸ್ಸಿನಲ್ಲಿ ದೂರ ಹೋಗುವುದು ಬಿಟ್ಟಿರಾ? ಮದುವೆಮನೆಯಲ್ಲಿ ನಗುವುದಕ್ಕೆ ಹೆದರುತ್ತೀರಾ? ಮಗುವನ್ನು ಎತ್ತಿಕೊಳ್ಳುವುದನ್ನು? ಗಂಡನ ಹತ್ತಿರ ಮಲಗುವುದನ್ನು? ಪೆರ್ಲದ ಆ ಅಮ್ಮ ಬಿಟ್ಟದ್ದು ತಾಳಮದ್ದಳೆ, ವೇಷ ಕುಣಿತ ಇಲ್ಲದೆ ಕುಳಿತು ನಡೆಸುವ ಯಕ್ಷಗಾನ. ಚಿಕ್ಕಂದಿನಿಂದ ಕೇಳಿ ಬೆಳೆದವರು, ಮಧ್ಯದಲ್ಲಿ ಪದೇ ಪದೇ ಏಳಬೇಕಾಗುತ್ತದೆಂದು ನಾಲ್ಕು ವರ್ಷಗಳಿಂದ ಹೋಗಿರಲಿಲ್ಲ. ನಮ್ಮ ಚಿಕಿತ್ಸೆಯ ಗುರಿ ಅದೇ ಆಯಿತು. "ಸ್ನಾಯು ಬಲವಾಗಬೇಕು" ಎಂಬ ಗುರಿಗಾಗಿ ಮೂರು ತಿಂಗಳು ಯಾರೂ ವ್ಯಾಯಾಮ ಮಾಡುವುದಿಲ್ಲ, ನಾನು ಕಂಡಂತೆ. ತಾಳಮದ್ದಳೆಗಾಗಿ ಮಾಡುತ್ತಾರೆ.

ಹೆಜ್ಜೆ 2: ಮೂರು ದಿನದ ಲೆಕ್ಕ

ಅಳತೆಯ ಗೆರೆ ಇರುವ ಹಳೆಯ ಪ್ಲಾಸ್ಟಿಕ್ ಮಗ್ ಒಂದನ್ನು ಬಚ್ಚಲಿನಲ್ಲಿಡಿ. ಮೂರು ದಿನ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಿರಿ, ಎಷ್ಟು ಬಂತು, ಯಾವಾಗ ಸೋರಿತು, ಸೋರಿದಾಗ ಏನು ಮಾಡುತ್ತಿದ್ದಿರಿ, ಇಷ್ಟನ್ನು ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಹಗಲಿಗೆ 6ರಿಂದ 8 ಸಲ, ರಾತ್ರಿ ಒಂದು ಸಲ ಏಳುವುದು ಸಾಮಾನ್ಯ. ದೊಡ್ಡವರ ಮೂತ್ರಕೋಶ ಸುಮಾರು 300ರಿಂದ 500 ಮಿಲಿಲೀಟರ್ ಹಿಡಿಯಬಲ್ಲದು. ಪ್ರತಿಸಲ 100 ಮಿಲಿಲೀಟರಿಗೇ ಓಡುತ್ತಿದ್ದರೆ ಅದು ಅಭ್ಯಾಸದ ತೊಂದರೆಯೂ ಆಗಿರಬಹುದು, ಸೋಂಕೋ ಮಧುಮೇಹವೋ ಇರಬಹುದು. ಮೂತ್ರ ಮತ್ತು ಸಕ್ಕರೆಯ ಪರೀಕ್ಷೆ ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮಾಡಿಸಿ.

ಈ ಲೆಕ್ಕದಿಂದ ತೊಂದರೆಯ ಜಾತಿ ತಿಳಿಯುತ್ತದೆ. ಕೆಮ್ಮು, ಸೀನು, ಭಾರ, ನಗು ಇವುಗಳ ಜತೆ ಸೋರುವುದು ಒಂದು ಬಗೆ. ಅವಸರ ಬಂದು ಬಚ್ಚಲು ಮುಟ್ಟುವ ಮೊದಲೇ ಹೋಗುವುದು ಇನ್ನೊಂದು. ಎರಡೂ ಸೇರಿರುವವರು ಬಹಳ.

ನೀರು ಕಡಿಮೆ ಮಾಡಿದರೆ ಸೋರುವುದೂ ಕಡಿಮೆ ಎಂದು ಎಣಿಸಬೇಡಿ. ಗಾಢವಾದ ಮೂತ್ರ ಒಳಗೋಡೆಯನ್ನು ಕೆಣಕುತ್ತದೆ, ಅವಸರ ಇನ್ನೂ ಹೆಚ್ಚುತ್ತದೆ, ಮಲವೂ ಗಟ್ಟಿಯಾಗುತ್ತದೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಮಾರ್ಚ್ ಏಪ್ರಿಲ್ ಬಿಸಿಲಿನಲ್ಲಿ ತೋಟದ ಕೆಲಸಕ್ಕೆ ಹೋಗುವವರಿಗೆ ಇನ್ನಷ್ಟು. ಹೃದಯ ಅಥವಾ ಕಿಡ್ನಿಯ ಕಾಯಿಲೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ನಿಮಗೆ. ಕಡಿಮೆ ಮಾಡಬೇಕಾದದ್ದು ಚಾಯ ಮತ್ತು ಕಾಫಿ. ಸಂಜೆ ಆರರ ನಂತರದ ಲೋಟ ಬಿಟ್ಟು ನೋಡಿ, ರಾತ್ರಿಯ ಲೆಕ್ಕದಲ್ಲಿ ವ್ಯತ್ಯಾಸ ಕಾಣಬಹುದು.

ಹೆಜ್ಜೆ 3: ಉಸಿರು, ಆಮೇಲೆ ಸ್ನಾಯು

ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಿಸಿ. ಕೈಗಳನ್ನು ಪಕ್ಕೆಲುಬಿನ ಕೆಳಭಾಗದಲ್ಲಿ ಇಟ್ಟು ಉಸಿರೆಳೆಯಿರಿ. ಪಕ್ಕೆಗಳು ಬದಿಗೆ ಅರಳಬೇಕು, ಹೊಟ್ಟೆ ಮೆತ್ತಗೆ ಏಳಬೇಕು. ಒಂದು ವಾರ ಇಷ್ಟೇ ಮಾಡಿದರೂ ನಷ್ಟವಿಲ್ಲ. ಹೊಟ್ಟೆಯನ್ನು ಸದಾ ಒಳಗೆಳೆದುಕೊಂಡೇ ಇರುವ ಅಭ್ಯಾಸ ನಮ್ಮಲ್ಲಿ ಬಹಳ ಹೆಂಗಸರಿಗೆ ಇದೆ. ಅದು ಸಡಿಲವಾಗದೆ ತಳ ಕದಲುವುದಿಲ್ಲ.

ಇನ್ನು ಸ್ನಾಯು. ಉಸಿರು ಬಿಡುತ್ತಾ, ಅಪಾನವಾಯುವನ್ನೂ ಮೂತ್ರವನ್ನೂ ಒಟ್ಟಿಗೆ ತಡೆಯುವ ಹಾಗೆ ಹಿಂದಿನಿಂದ ಮುಂದಕ್ಕೆ ಬಿಗಿದು ಒಳಗೆ ಮೇಲಕ್ಕೆ ಎಳೆದುಕೊಳ್ಳಿ. ಪೃಷ್ಠ ಬಿಗಿಯಬಾರದು, ತೊಡೆ ಕೂಡಬಾರದು, ಉಸಿರು ನಿಲ್ಲಬಾರದು. ಸಣ್ಣ ಕನ್ನಡಿ ಹಿಡಿದು ನೋಡಿದರೆ ಆ ಭಾಗ ಒಳಕ್ಕೆ ಸರಿಯುವುದು ಕಾಣಬೇಕು. ಹೊರಕ್ಕೆ ಉಬ್ಬಿದರೆ ನೀವು ತಳ್ಳುತ್ತಿದ್ದೀರಿ, ಎಳೆಯುತ್ತಿಲ್ಲ. ಅಲ್ಲಿಗೆ ನಿಲ್ಲಿಸಿ, ತಿಳಿದವರಿಂದ ಕಲಿತುಕೊಳ್ಳಿ. ಈ ವ್ಯಾಯಾಮವನ್ನು 1948ರಲ್ಲಿ ಪ್ರಕಟಿಸಿದ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗಲ್ ಬಾಯಿಮಾತನ್ನು ಮಾತ್ರ ನಂಬಿರಲಿಲ್ಲ. ಹಿಡಿತ ಎಷ್ಟಿದೆಯೆಂದು ರೋಗಿಗೇ ಕಾಣುವಂಥ ಒತ್ತಡದ ಮಾಪಕವನ್ನೂ ಮಾಡಿಕೊಂಡಿದ್ದರು. ಇಂದು ಕೆಗಲ್ ಎಂಬ ಹೆಸರು ಉಳಿದಿದೆ, ಸರಿಯಾಗಿದೆಯೇ ಎಂದು ನೋಡುವ ಆ ಕಾಳಜಿ ಕಡಿಮೆಯಾಗಿದೆ.

ಮೊದಲು 3 ಸೆಕೆಂಡ್ ಹಿಡಿದು 6 ಸೆಕೆಂಡ್ ಪೂರ್ತಿ ಬಿಡಿ. ಬಿಡುವುದೂ ವ್ಯಾಯಾಮವೇ. ನಿಧಾನವಾಗಿ 10 ಸೆಕೆಂಡಿನವರೆಗೆ ಹೋಗಿ. ಒಂದು ಸಲಕ್ಕೆ 8, ದಿನಕ್ಕೆ 3 ಸಲ, ಕಡಿಮೆಯೆಂದರೆ 3 ತಿಂಗಳು. ಮಲಗಿ ಬಂದರೆ ಕುಳಿತು ಮಾಡಿ, ಕುಳಿತು ಬಂದರೆ ನಿಂತು. ಮೂತ್ರ ಮಾಡುತ್ತಿರುವಾಗ ನಡುವೆ ನಿಲ್ಲಿಸುವುದನ್ನು ವ್ಯಾಯಾಮವಾಗಿ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ಉಳಿಯುತ್ತದೆ.

ಎಲ್ಲರಿಗೂ ಬಿಗಿಯುವುದೇ ಮದ್ದಲ್ಲ. ಸಂಭೋಗದಲ್ಲಿ ನೋವು, ಮೂತ್ರ ಶುರುವಾಗಲು ಕಾಯಬೇಕಾಗುವುದು, ಕಿಬ್ಬೊಟ್ಟೆಯಲ್ಲೋ ಬಾಲದ ಮೂಳೆಯಲ್ಲೋ ಎಡೆಬಿಡದ ನೋವು ಇದ್ದರೆ ತಳದ ಸ್ನಾಯು ಈಗಾಗಲೇ ಬಿಗಿದುಕೊಂಡಿರಬಹುದು. ಅಂಥವರು ಉಸಿರಿನ ಅಭ್ಯಾಸ ಮಾತ್ರ ಮಾಡಿ, ಪರೀಕ್ಷೆ ಮಾಡಿಸಿಕೊಂಡು ಮುಂದುವರಿಯಲಿ.

ಹೆಜ್ಜೆ 4: ವ್ಯಾಯಾಮವನ್ನು ಕೆಲಸದೊಳಗೆ ತನ್ನಿ

ನನ್ನ ಮಟ್ಟಿಗೆ ಚಿಕಿತ್ಸೆಯ ಹೆಚ್ಚಿನ ಪಾಲು ಇಲ್ಲೇ ಇದೆ. ಚಾಪೆಯ ಮೇಲೆ ಚೆನ್ನಾಗಿ ಹಿಡಿಯುವ ಸ್ನಾಯು ಹಟ್ಟಿಯಲ್ಲಿ ಹಿಡಿಯದಿದ್ದರೆ ಏನು ಬಂತು?

ಕೆಮ್ಮು ಬರುತ್ತದೆ ಎಂದು ಗೊತ್ತಾದ ಆ ಒಂದು ಗಳಿಗೆಯಲ್ಲಿ ತಳವನ್ನು ಎಳೆದು ಹಿಡಿದು ಆಮೇಲೆ ಕೆಮ್ಮಿ. ಮೊದಮೊದಲು ಮರೆತುಹೋಗುತ್ತದೆ, ಆರೇಳು ವಾರದಲ್ಲಿ ತಾನಾಗಿ ಬರುತ್ತದೆ. ಭಾರಕ್ಕೂ ಹಾಗೆಯೇ: ವಸ್ತುವಿನ ಹತ್ತಿರ ಹೋಗಿ, ಮೊಣಕಾಲು ಮಡಿಸಿ, ಎಳೆದುಕೊಂಡು, ಉಸಿರು ಬಿಡುತ್ತಾ ಏಳಿ.

ಅಡಿಕೆ ಸುಲಿಯುವವರು ಹೊತ್ತುಗಟ್ಟಲೆ ಒಂದೇ ಭಂಗಿಯಲ್ಲಿ ಕೂರುತ್ತಾರೆ. ಮಣೆ ಸ್ವಲ್ಪ ಎತ್ತರಿಸಿ, ಸೊಂಟ ಬೆನ್ನು ಕುಸಿಯದ ಹಾಗೆ. ಸುಲಿದದ್ದನ್ನು ದೊಡ್ಡ ಚೀಲದಲ್ಲಿ ತುಂಬಿ ಎಳೆಯುವ ಬದಲು ಅರ್ಧ ಬುಟ್ಟಿಯಂತೆ ಎರಡು ಸಲ ಒಯ್ಯಿರಿ. ಸೊಪ್ಪಿನ ಹೊರೆಯಲ್ಲಿ ಕೆಟ್ಟ ಗಳಿಗೆ ನೆಲದಿಂದ ತಲೆಗೆ ಏರಿಸುವುದು, ನಡೆಯುವುದಲ್ಲ. ಆ ಹೊತ್ತಿಗೆ ಒಬ್ಬರನ್ನು ಕರೆಯಿರಿ, ಅಥವಾ ಕಟ್ಟೆಯ ಮೇಲೆ ಹೊರೆ ಕಟ್ಟಿ ಅಲ್ಲಿಂದಲೇ ಹೊತ್ತುಕೊಳ್ಳಿ. ಒಂದು ದೊಡ್ಡ ಕೊಡಪಾನವನ್ನು ಸೊಂಟಕ್ಕೇರಿಸುವ ಬದಲು ಎರಡು ಸಣ್ಣ ಬಕೆಟ್, ಎರಡು ಕೈಗೆ.

ಬೀಡಿ ಕಟ್ಟುವವರದ್ದು ಬೇರೆ ಕಷ್ಟ. ಮೊರ ಮಡಿಲಲ್ಲಿ, ಬೆನ್ನು ಬಾಗಿ, ಲೆಕ್ಕ ತುಂಬುವವರೆಗೆ ಏಳುವುದಿಲ್ಲ. ಮೂತ್ರ ಐದಾರು ಗಂಟೆ ಕಟ್ಟಿಕೊಂಡಿರುತ್ತಾರೆ. ತಂಬಾಕಿನ ಧೂಳಿಗೆ ಕೆಮ್ಮು ಬೇರೆ. ಗಡಿಯಾರ ನೋಡಿ ಏಳಿ ಎಂದರೆ ಯಾರಿಗೂ ಆಗದು, ಅದಕ್ಕೆ ನಾನು ಕಟ್ಟಿನ ಲೆಕ್ಕವನ್ನೇ ಹಿಡಿಯುತ್ತೇನೆ. ಇಷ್ಟು ಕಟ್ಟು ಆದರೆ ಎದ್ದು ನಾಲ್ಕು ಹೆಜ್ಜೆ, ಅದರ ಎರಡರಷ್ಟಾದರೆ ಮೂತ್ರಕ್ಕೆ. ಗೋಡೆಗೆ ಒರಗಿ ಕುಳಿತುಕೊಳ್ಳಿ, ಮೂಗುಬಾಯಿಗೆ ಬಟ್ಟೆ ಕಟ್ಟಿ, ಗಾಳಿಯಾಡುವ ಚಾವಡಿಯಲ್ಲಿ ಕೆಲಸ ಇಟ್ಟುಕೊಳ್ಳಿ. ವಾರಗಟ್ಟಲೆಯ ಕೆಮ್ಮಿಗೆ ವೈದ್ಯರನ್ನು ಕಾಣದೆ ತಳದ ಸ್ನಾಯು ಬಲವಾಗುವುದೆಂದು ಕಾಯಬೇಡಿ.

ದೊಡ್ಡ ಮಕ್ಕಳನ್ನು ಎತ್ತುವ ಅಮ್ಮಂದಿರಿಗೆ

ಎಣ್ಮಕಜೆಯಂಥ ಊರುಗಳಲ್ಲಿ ಗೇರುತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು ನಮಗೆಲ್ಲ ಗೊತ್ತು. 2000ದ ಹೊತ್ತಿಗೆ ಆ ಸಿಂಪಡಣೆ ನಿಂತಿತು. ಆಗ ತೋಳಲ್ಲಿದ್ದ, ತಾವಾಗಿ ಏಳಲಾಗದ ಸಂತ್ರಸ್ತ ಮಕ್ಕಳು ಈಗ ಇಪ್ಪತ್ತೈದು ಮೂವತ್ತರ ಪ್ರಾಯದವರು. ಅವರನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಎತ್ತುತ್ತಿರುವವರು ಅದೇ ಅಮ್ಮಂದಿರು, ಈಗ ಐವತ್ತು ದಾಟಿದವರು. ಅವರನ್ನು ಯಾರೂ ನಿಮ್ಮ ಗರ್ಭಕೋಶ ಹೇಗಿದೆ ಎಂದು ಕೇಳುವುದಿಲ್ಲ. ಮಗನಿಗೆ ಥೆರಪಿ ಎಂದು ಹೋದಲ್ಲೆಲ್ಲ ನಾನು ಅಮ್ಮನನ್ನೂ ಕೇಳುತ್ತೇನೆ. ಅಡಿಯಲ್ಲಿ ಏನೋ ಇಳಿದು ಬಂದ ಹಾಗೆ, ಸಂಜೆಗೆ ಭಾರ ಹೆಚ್ಚು, ಮಲಗಿದರೆ ಹಗುರ ಎಂದು ಹೇಳಿದವರು ಒಬ್ಬಿಬ್ಬರಲ್ಲ.

ಎತ್ತುವುದನ್ನು ಆದಷ್ಟು ಜಾರಿಸುವುದಾಗಿ ಬದಲಿಸಿ. ಹಾಸಿಗೆಯ ಎತ್ತರ ಗಾಲಿಕುರ್ಚಿಯ ಎತ್ತರಕ್ಕೆ ಸಮ ಇರಲಿ, ಮಂಚದ ಕಾಲಿಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಅಲುಗದ ಹಾಗೆ ನಿಲ್ಲಿಸಬಹುದು. ಮಗನ ಅಡಿಗೆ ನುಣುಪಾದ ಪಾಲಿಯೆಸ್ಟರ್ ಬಟ್ಟೆ ಹಾಸಿದರೆ ಹಾಸಿಗೆಯ ಮೇಲೆ ಮೇಲಕ್ಕೂ ಬದಿಗೂ ಎಳೆಯುವುದು ಸುಲಭ, ಎಳೆದಾದ ಮೇಲೆ ಬಟ್ಟೆ ತೆಗೆದುಬಿಡಿ. ಕುರ್ಚಿಗೆ ದಾಟಿಸಲು ಜಾರುಹಲಗೆ ಬೇಕು: ನುಣುಪಾಗಿ ಉಜ್ಜಿದ, ಅಂಚು ದುಂಡಾದ ಗಟ್ಟಿ ಹಲಗೆ, ಊರಿನ ಆಚಾರಿಗಳೇ ಮಾಡಿಕೊಡಬಲ್ಲರು. ಮೊದಲು ಗಾಲಿಯ ಬ್ರೇಕ್ ಹಾಕಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಅವರ ಭುಜಕ್ಕೂ ನಿಮ್ಮ ತಳಕ್ಕೂ ಕೆಟ್ಟದ್ದು. ಮೈ ಸೆಟೆಯುವವರಿಗೆ ಯಾವ ಕ್ರಮ ಸರಿ ಎಂದು ಬಡ್ಸ್ ಶಾಲೆಯ (ವಿಶೇಷ ಅಗತ್ಯದ ಮಕ್ಕಳ ಶಾಲೆ) ಅಥವಾ ಆಸ್ಪತ್ರೆಯ ಥೆರಪಿಸ್ಟ್ ಎದುರಿನಲ್ಲೇ ಮಾಡಿ ಕಲಿಯಿರಿ. ಸ್ನಾನದಂಥ ದೊಡ್ಡ ಎತ್ತುವಿಕೆಯನ್ನು ಮನೆಯಲ್ಲಿ ಇನ್ನೊಬ್ಬರು ಇರುವ ಹೊತ್ತಿಗೆ ಇಟ್ಟುಕೊಳ್ಳಿ. ಮಧ್ಯಾಹ್ನ ಊಟವಾದ ಮೇಲೆ 20 ನಿಮಿಷ, ಸೊಂಟದಡಿಗೆ ದಿಂಬು ಕೊಟ್ಟು ಮಲಗಿ. ಇದು ಆಲಸ್ಯವಲ್ಲ, ಚಿಕಿತ್ಸೆ. ಮನೆಯವರಿಗೂ ಹಾಗೆಯೇ ಹೇಳಿ.

ಹೆಜ್ಜೆ 5: ಬಚ್ಚಲು ಮತ್ತು ಹೊಟ್ಟೆ

ತಿಣುಕುವುದು ನಿಲ್ಲದೆ ಬೇರೆ ಯಾವ ಪ್ರಯತ್ನವೂ ಫಲಿಸುವುದಿಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ. ಆ ಹೊತ್ತನ್ನು ಮಕ್ಕಳ ಬುತ್ತಿ, ಬಸ್ಸಿನ ಗಡಿಬಿಡಿಗೆ ಬಿಟ್ಟುಕೊಡದೆ ಹತ್ತು ನಿಮಿಷ ನಿಮಗಾಗಿ ಇಟ್ಟುಕೊಳ್ಳಿ. ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ ಮಲವಿಸರ್ಜನೆಗೆ ಒಳ್ಳೆಯದೇ. ಮೊಣಕಾಲು ನೋವಿಗೆ ಕಮೋಡ್ ಹಾಕಿಸಿಕೊಂಡವರು ಪಾದದಡಿಗೆ ಸಣ್ಣ ಮಣೆ ಇಟ್ಟು, ಮೊಣಕಾಲು ಸೊಂಟಕ್ಕಿಂತ ಮೇಲೆ ಬರುವಂತೆ ಮುಂದಕ್ಕೆ ಬಾಗಿ ಕುಳಿತುಕೊಳ್ಳಲಿ. ಉಸಿರು ಕಟ್ಟದೆ, ಬಾಯಿ ಸಡಿಲ ಬಿಟ್ಟು. ಬಾಳೆದಿಂಡು, ಬಸಳೆ, ಹರಿವೆ, ಹುರುಳಿ, ಪಪ್ಪಾಯಿ ನಮ್ಮ ಹಿತ್ತಲಲ್ಲೇ ಇವೆ. ನಾರಿಗೆ ಪೇಟೆಯ ಪುಡಿ ಬೇಡ.

ಅವಸರದ ಬಗೆಯವರಿಗೆ ಒಂದು ಅಭ್ಯಾಸ. ಮನೆಯ ಮೆಟ್ಟಿಲು ಕಂಡ ಕೂಡಲೇ ಒತ್ತಿಕೊಂಡು ಬಂತೆಂದರೆ ಓಡಬೇಡಿ. ನಿಲ್ಲಿ, ಸಾಧ್ಯವಾದರೆ ಕುಳಿತುಕೊಳ್ಳಿ, ಐದಾರು ಸಲ ತಳವನ್ನು ಚುರುಕಾಗಿ ಎಳೆದು ಬಿಡಿ, ಹಿಮ್ಮಡಿ ಎತ್ತಿ ಇಳಿಸಿ. ಅಲೆ ಇಳಿದ ಮೇಲೆ ನಡೆದು ಹೋಗಿ. ಗಂಟೆಗೊಮ್ಮೆ ಹೋಗುತ್ತಿದ್ದರೆ ಮೊದಲ ವಾರ 15 ನಿಮಿಷ ಮುಂದೂಡಿ, ಮುಂದಿನ ವಾರ ಇನ್ನೊಂದು 15, ಮೂರು ಗಂಟೆ ತಲುಪುವವರೆಗೆ. "ಹೊರಡುವ ಮೊದಲು ಒಂದು ಸಲ ಇರಲಿ" ಎಂದು ದಿನಕ್ಕೆ ಹತ್ತು ಸಲ ಹೋಗುವುದು ಮೂತ್ರಕೋಶಕ್ಕೆ ಸಣ್ಣದಾಗಿಯೇ ಇರಲು ಕಲಿಸಿದ ಹಾಗೆ.

ಜಾಗವನ್ನೂ ನೋಡಿ. ಪಾಯಿಖಾನೆ ಅಂಗಳದಾಚೆ ಇದ್ದು, ಮಳೆಗಾಲದಲ್ಲಿ ಪಾಚಿಗಟ್ಟಿದ ಮೆಟ್ಟಿಲು ಇಳಿಯಬೇಕಾದರೆ ರಾತ್ರಿ ಹೋಗಲು ಹೆದರಿ ಕಟ್ಟಿಕೊಳ್ಳುತ್ತಾರೆ, ಇಲ್ಲವೇ ಜಾರಿ ಬೀಳುತ್ತಾರೆ. ಒಂದು ಬಲ್ಬು, ಹಿಡಿದುಕೊಳ್ಳಲು ಒಂದು ಪೈಪು, ಪ್ರಾಯದವರಿಗೆ ಕೋಣೆಯಲ್ಲೇ ಕಮೋಡ್ ಕುರ್ಚಿ. ಚೂಡಿದಾರದ ಲಾಡಿ ಗಂಟು ಬಿಚ್ಚುವಷ್ಟರಲ್ಲಿ ಸೋರುವವರು ಇಲಾಸ್ಟಿಕ್ ಹಾಕಿಸಿಕೊಳ್ಳಿ. ಇಷ್ಟರಿಂದಲೇ ಅರ್ಧ ಸುಧಾರಿಸಿದವರನ್ನು ಕಂಡಿದ್ದೇನೆ.

ಬಾಣಂತಿಯರಿಗೆ ಎರಡು ಮಾತು. ನೀರು ಕೊಡಬಾರದು ಎಂಬ ಪದ್ಧತಿಯನ್ನು ದಯವಿಟ್ಟು ಬಿಡಿ. ಮಲ ಗಟ್ಟಿಯಾಗಿ ಹೊಲಿಗೆಯ ಮೇಲೆ ತಿಣುಕುವುದಕ್ಕಿಂತ ಕೆಟ್ಟದ್ದಿಲ್ಲ. ಹೊಟ್ಟೆಗೆ ಬಟ್ಟೆ ಕಟ್ಟುವುದಾದರೆ ಉಸಿರು ಸರಾಗವಾಗುವಷ್ಟು ಸಡಿಲ ಇರಲಿ. ಬಿಗಿದರೆ ಒತ್ತಡ ಕೆಳಗೇ ಇಳಿಯುತ್ತದೆ. ಮೊದಲ ಆರು ವಾರ ಮಗುವಿಗಿಂತ ಭಾರದ್ದನ್ನು ಎತ್ತಬೇಡಿ, ಹಾಸಿಗೆಯಿಂದ ಏಳುವಾಗ ಬದಿಗೆ ಹೊರಳಿ ಕೈಯೂರಿ ಏಳಿ. ಸಿಸೇರಿಯನ್ ಆದವರಿಗೂ ಇದೇ, ಒಂಬತ್ತು ತಿಂಗಳು ಭಾರ ಹೊತ್ತ ತಳ ಅವರದ್ದೂ ಹೌದು.

ಗಂಡಸರಲ್ಲಿ ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ಬಳಿಕ ಸೋರುವುದುಂಟು. ಉಸಿರು, ಸ್ನಾಯು, ಭಾರ, ಬಚ್ಚಲಿನ ಇದೇ ಕ್ರಮ ಅವರಿಗೂ ಸಲ್ಲುತ್ತದೆ.

ಹೆಜ್ಜೆ 6: ವೈದ್ಯರಲ್ಲಿಗೆ

ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ, ಜ್ವರ ಚಳಿಯೊಂದಿಗೆ ಪಕ್ಕೆನೋವು, ಹೊರಗೆ ಬಂದ ಭಾಗದಲ್ಲಿ ಹುಣ್ಣು ಇದ್ದರೆ ವ್ಯಾಯಾಮಕ್ಕೆ ಕಾಯಬೇಡಿ, ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಮೂತ್ರ ಕಟ್ಟಿಹೋದರೆ, ತೊಡೆಸಂದಿ ಜೋಮು ಹಿಡಿದು ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಜಾರಿದ ಗರ್ಭಕೋಶಕ್ಕೆ ಪೆಸರಿ ಎಂಬ ಉಂಗುರವನ್ನು ಒಳಗಿಟ್ಟು ಆಧಾರ ಕೊಡುವ ದಾರಿ ಇದೆ, ಮುಟ್ಟು ನಿಂತವರಿಗೆ ಒಳಗೆ ಹಚ್ಚುವ ಈಸ್ಟ್ರೋಜೆನ್ ಕ್ರೀಮ್ ಇದೆ. ನೇರವಾಗಿ ಗರ್ಭಕೋಶ ತೆಗೆಸಿ ಎಂದರೆ ಈ ಎರಡರ ಬಗ್ಗೆ ಕೇಳಿ ತಿಳಿದುಕೊಂಡು ಆಮೇಲೆ ನಿರ್ಧರಿಸಿ.

ನಮ್ಮ ಕಡೆ ಭಾಷೆಯೂ ಒಂದು ಗೋಡೆ. ಮನೆಯಲ್ಲಿ ಕನ್ನಡ, ತುಳು, ಎದುರಿನ ಡಾಕ್ಟರಿಗೆ ಮಲಯಾಳ. ಮಗನನ್ನೋ ಅಳಿಯನನ್ನೋ ಕರೆದುಕೊಂಡು ಹೋದರೆ ಬಾಯಿ ಕಟ್ಟುತ್ತದೆ. ಎರಡು ವಾಕ್ಯ ಕಲಿತಿರಿ: "ಚುಮಯ್ಕ್ಕುಂಬೋಳ್ ಮೂತ್ರಂ ಪೋಗುನ್ನು", ಕೆಮ್ಮುವಾಗ ಮೂತ್ರ ಹೋಗುತ್ತದೆ. "ತಾಳೆ ಎಂತೋ ತಳ್ಳಿ ವರುನ್ನು", ಕೆಳಗೆ ಏನೋ ತಳ್ಳಿಕೊಂಡು ಬರುತ್ತದೆ. ಜತೆಗೆ ಮೂರು ದಿನದ ಆ ನೋಟ್‌ಬುಕ್ ಒಯ್ಯಿರಿ. ಅಂಕಿಗಳನ್ನು ಯಾರೂ ಅನುವಾದಿಸಬೇಕಿಲ್ಲ. ನೆಚ್ಚಿನ ಆಶಾ ಕಾರ್ಯಕರ್ತೆ ಇದ್ದರೆ ಅವರನ್ನೇ ಜತೆಗೆ ಕರೆಯಿರಿ.

ಹೆಜ್ಜೆ 7: ಬಿಟ್ಟದ್ದಕ್ಕೆ ಮರಳುವ ತಾಲೀಮು

ಮೂರು ತಿಂಗಳಿಗೆ ಮತ್ತೆ ಮೂರು ದಿನದ ಲೆಕ್ಕ ಬರೆದು ಹಳೆಯದರ ಪಕ್ಕದಲ್ಲಿಡಿ. ಪೂರ್ತಿ ಗುಣವಾಗಲಿ ಎಂದು ಕಾಯದೆ, ಬಿಟ್ಟ ಕೆಲಸಕ್ಕೆ ಸಣ್ಣದಾಗಿ ಮರಳಿ. ಪೆರ್ಲದ ಅಮ್ಮನೊಂದಿಗೆ ಕುಳಿತು ಯೋಜನೆ ಹಾಕಿದೆವು. ಮೊದಲು ಮನೆಯಲ್ಲೇ ಎರಡು ಗಂಟೆ ಕುಳಿತು ಮೊಬೈಲಿನಲ್ಲಿ ತಾಳಮದ್ದಳೆ ಕೇಳುವುದು. ಆಮೇಲೆ ಊರಿನ ಹತ್ತಿರದ ಒಂದು ಸಂಜೆಯ ಕೂಟ. ಸಂಜೆಯ ಚಾಯ ಇಲ್ಲ, ನೀರು ಮಧ್ಯಾಹ್ನದೊಳಗೆ. ಹೋದ ಕೂಡಲೇ ಶೌಚಾಲಯ ಎಲ್ಲಿದೆ ಎಂದು ನೋಡಿಕೊಳ್ಳುವುದು, ಸಾಲಿನ ತುದಿಯ ಕುರ್ಚಿ ಹಿಡಿಯುವುದು, ಚೀಲದಲ್ಲಿ ಒಂದು ಪ್ಯಾಡ್, ಒಂದು ಒಳಬಟ್ಟೆ, ಒಂದು ಪ್ಲಾಸ್ಟಿಕ್ ಕವರ್. ಏಳುವ ಮೊದಲು ತಳವನ್ನು ಎಳೆದುಕೊಂಡು ಉಸಿರು ಬಿಡುತ್ತಾ ಏಳುವುದು.

ಮರುದಿನ ಬೆಳಗ್ಗೆ ಅವರೇ ಫೋನ್ ಮಾಡಿದರು. "ಮಂಗಳ ಆಗುವವರೆಗೆ ಕೂತಿದ್ದೆ. ಎರಡು ಸಲ ಎದ್ದೆ, ಅಷ್ಟೆ. ಪ್ಯಾಡ್ ಚೀಲದಲ್ಲೇ ಉಂಟು."